ವರ್ಷವೆಂದರೆ ಮಳೆ

'ವರ್ಷ' ಎಂಬ ಮಾತಿಗೆ ಎರಡು ಅರ್ಥ. ಒಂದು ಹನ್ನೆರಡು ತಿಂಗಳ ಅವಧಿ, ಇನ್ನೊಂದು ಮಳೆ. ಸಂಸ್ಕೃತದಿಂದ ಬಂದ ಈ ಪದವನ್ನು ಕನ್ನಡ ದಿನಬಳಕೆಯಲ್ಲಿ ಮೊದಲ ಅರ್ಥಕ್ಕೆ ಇಟ್ಟುಕೊಂಡಿತು. ಎರಡನೆಯದು ವರ್ಷಧಾರೆ, ವರ್ಷಋತುಗಳಂಥ ಮಾತುಗಳಲ್ಲಿ ಉಳಿಯಿತು. ಕರ್ನಾಟಕದೊಳಗೆ ಯುಗಾದಿಯಿಂದ ಯುಗಾದಿಗೆ ತಿರುಗಾಡಿ ಬಂದವರು ಆ ಹನ್ನೆರಡು ತಿಂಗಳನ್ನು ಹಿಂದಿರುಗಿ ನೋಡಿದರೆ ಅಗಲಿದ ಈ ಎರಡು ಅರ್ಥಗಳು ಮತ್ತೆ ಕೂಡಿಕೊಳ್ಳುತ್ತವೆ. ಹೊರಡುವಾಗ ಪ್ರತಿ ಪ್ರಯಾಣವೂ ರಜೆ, ಟಿಕೆಟ್ಟು, ಕೋಣೆಯ ಬಾಡಿಗೆಗಳ ಲೆಕ್ಕದಿಂದ ಗೊತ್ತಾದದ್ದು. ನೆನಪಿನಲ್ಲಿ ಸಾಲಾಗಿ ನಿಂತಾಗ ಮಾತ್ರ ಅವುಗಳಿಗೆ ದಾರಿ ಹಾಕಿಕೊಟ್ಟದ್ದು ನೀರು ಎಂಬುದು ತಿಳಿಯುತ್ತದೆ.

ವರ್ಷವನ್ನು ಮಳೆಯಿಂದ ಅಳೆಯುವ ಲೆಕ್ಕ ರೈತರಿಗೆ ಹಳೆಯದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳಲ್ಲಿ ಬರುವ ಮಳೆಗೆ ಆ ನಕ್ಷತ್ರದ್ದೇ ಹೆಸರು. ಏಪ್ರಿಲ್ ನಡುವಿನ ಅಶ್ವಿನಿಯಿಂದ ನವೆಂಬರಿನ ವಿಶಾಖದವರೆಗೆ ಹದಿನಾರು ಮಳೆಗಳು ಪಂಚಾಂಗದಲ್ಲಿ ಸಾಲುಗಟ್ಟಿವೆ. ಕಳೆದ ವರ್ಷದ ಪ್ರವಾಸಗಳನ್ನು ನೆನೆಯಲು ತಾರೀಖಿಗಿಂತ ಈ ಹೆಸರುಗಳೇ ಹೆಚ್ಚು ಅನುಕೂಲ. ಜುಲೈ 2 ಎಂದರೆ ಒಂದು ದಿನ. ಆರಿದ್ರೆ ಎಂದರೆ ಒದ್ದೆ ಬಟ್ಟೆಯ ವಾಸನೆಯೂ ಜೊತೆಗೆ ಬರುತ್ತದೆ.

ಹೂಮಳೆ

ವರ್ಷದ ಮೊದಲ ಪ್ರಯಾಣ ಚಿಕ್ಕಮಗಳೂರಿನ ಕಾಫಿ ತೋಟಗಳ ಕಡೆಗೆ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಅದರಲ್ಲಿ ಬಹುಪಾಲು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದ ಬರುತ್ತದೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಈ ಬೆಟ್ಟಗಳಲ್ಲಿ ಬಿತ್ತಿದರೆಂಬ 17ನೇ ಶತಮಾನದ ಐತಿಹ್ಯವನ್ನು ಇಲ್ಲಿಗೆ ಬಂದವರೆಲ್ಲ ಕೇಳಿರುತ್ತಾರೆ. ಆದರೆ ತೋಟದವರ ವರ್ಷ ಆ ಕಥೆಯಿಂದ ಶುರುವಾಗುವುದಿಲ್ಲ, ಹೂಮಳೆಯಿಂದ ಶುರುವಾಗುತ್ತದೆ.

ಬೇಸಿಗೆಯ ಮೊದಲ ಜೋರು ಮಳೆಗೆ ಹೂಮಳೆ ಎಂದು ಹೆಸರು. ಗಿಡದ ಗೆಣ್ಣುಗಳಲ್ಲಿ ಮೊಗ್ಗು ಆಗಲೇ ಕಟ್ಟಿರುತ್ತದೆ, ಬಿಸಿಲಿಗೆ ಬಾಡಿ ನಿದ್ದೆಹೋದಂತೆ ಇರುತ್ತದೆ. ಒಂದು ಇಂಚಿನಷ್ಟು ನೀರು ಒಮ್ಮೆಗೇ ಬಿದ್ದರೆ ಎಂಟು-ಹತ್ತು ದಿನಕ್ಕೆ ಇಡೀ ತೋಟ ಒಂದೇ ಬೆಳಗಿನಲ್ಲಿ ಬಿಳಿಯಾಗುತ್ತದೆ. ಅರ್ಧಂಬರ್ಧ ಮಳೆ ಬಂದರೆ ಮೊಗ್ಗು ಊದಿ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ತೋಟದ ಮನೆಗಳಲ್ಲಿ ಮಳೆಮಾಪಕ ದೇವರ ಪಟದಷ್ಟೇ ಖಾಯಂ. ಆ ದಿನಗಳಲ್ಲಿ ಫೋನಿನ ಮೊದಲ ಪ್ರಶ್ನೆ 'ನಿಮ್ಮಲ್ಲಿ ಎಷ್ಟು ಸೆಂಟ್ಸ್ ಆಯಿತು?' ಎಂಬುದೇ. ದೇಶ ಮೆಟ್ರಿಕ್ ಪದ್ಧತಿಗೆ ಬದಲಾಗಿ ದಶಕಗಳೇ ಕಳೆದರೂ ಇಲ್ಲಿ ಮಳೆ ಇನ್ನೂ ಇಂಚು ಮತ್ತು ಸೆಂಟ್ಸ್‌ಗಳಲ್ಲೇ ಬೀಳುತ್ತದೆ.

ಹೂವು ಇರುವುದು ಎರಡು-ಮೂರು ದಿನ. ಮಲ್ಲಿಗೆಗೆ ಹತ್ತಿರದ ಪರಿಮಳ, ಜೇನ್ನೊಣಗಳ ಮೊರೆತ, ಕೊಂಬೆಯುದ್ದಕ್ಕೂ ಹತ್ತಿ ಸುತ್ತಿದಂತೆ ಕಾಣುವ ಬಿಳುಪು. ಮುಂಗಡವಾಗಿ ಕೋಣೆ ಕಾದಿರಿಸಿ ಬಂದವರಿಗೆ ಇದು ಸಿಗುವುದು ಅದೃಷ್ಟ. ಮಳೆ ಬಿದ್ದ ಸುದ್ದಿ ಕೇಳಿ ಎಂಟು ದಿನ ಎಣಿಸಿ ಹೊರಟವರಿಗೆ ಬಹುಮಟ್ಟಿಗೆ ಖಚಿತ. ರೋಬಸ್ಟಾ ಗಿಡಕ್ಕೆ ಬೇರೆ ಗಿಡದ ಪರಾಗ ಬೇಕು. ಹೂ ಬಿರಿದ ದಿನವೇ ಮಳೆ ಬಂದರೆ ಪರಾಗ ತೊಳೆದುಹೋಗಿ ಫಸಲು ಕುಗ್ಗುತ್ತದೆ. ಪ್ರವಾಸಿ ಫೋಟೊಕ್ಕಾಗಿ ಮೋಡವಿಲ್ಲದ ಬೆಳಗನ್ನು ಬಯಸುವಾಗ ತೋಟದ ಯಜಮಾನರೂ ಅದನ್ನೇ ಬಯಸುತ್ತಿರುತ್ತಾರೆ, ಕಾರಣ ಮಾತ್ರ ಬೇರೆ. ಎರಡು-ಮೂರು ವಾರ ಕಳೆದು ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಬಾರದಿದ್ದಾಗ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ತಿರುಗಿಸುವವರಿದ್ದಾರೆ; ಕೆರೆ ಇಲ್ಲದ ಚಿಕ್ಕ ಹಿಡುವಳಿಯವರಿಗೆ ಆಕಾಶವೇ ಗತಿ.

ಆರಿದ್ರೆ

ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ ಎಂಬುದು ಗಾದೆ. ಜೂನ್ 21-22ರ ಸುಮಾರಿಗೆ ಶುರುವಾಗುವ ಈ ಮಳೆಯಲ್ಲಿ ಆಗುಂಬೆಗೆ ಹೋಗುವುದನ್ನು ಹೆಚ್ಚಿನವರು ಹುಚ್ಚಾಟ ಎನ್ನುತ್ತಾರೆ. ವರ್ಷದ ಕೊನೆಗೆ ಮೊದಲು ನೆನಪಾಗುವುದು ಈ ಪ್ರಯಾಣವೇ.

ತೀರ್ಥಹಳ್ಳಿ ತಾಲ್ಲೂಕಿನ ಈ ಪುಟ್ಟ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಕಾರಣ ನೆಲದ ಆಕಾರದಲ್ಲೇ ಇದೆ. ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿ ಕರಾವಳಿಯ ಬಯಲನ್ನು ದಾಟಿ ಘಟ್ಟದ ಗೋಡೆಗೆ ಬಡಿಯುತ್ತದೆ; ಮೇಲೇರುತ್ತ ತಣಿಯುತ್ತದೆ; ತಣಿದಂತೆ ಹೊರೆ ಇಳಿಸುತ್ತದೆ. ಹೆಬ್ರಿ, ಸೋಮೇಶ್ವರದ ಕಡೆಯಿಂದ ಹತ್ತುವ ಬಸ್ಸಿಗೆ 14 ತಿರುವುಗಳು. ಮೋಡವೂ ಹತ್ತುವುದು ಅದೇ ಇಳಿಜಾರನ್ನು. ಘಟ್ಟ ದಾಟಿದ ಗಾಳಿಯಲ್ಲಿ ನೀರು ಕಡಿಮೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಆಗುಂಬೆಯಲ್ಲಿ ಜುಲೈನ ಒಂದೆರಡು ವಾರದಲ್ಲಿ ಬಿದ್ದುಹೋಗುವುದುಂಟು.

ಆರ್.ಕೆ. ನಾರಾಯಣ್ ಕಥೆಗಳನ್ನು ಆಧರಿಸಿ ಶಂಕರ್ ನಾಗ್ 1980ರ ದಶಕದಲ್ಲಿ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಮಾಲ್ಗುಡಿ ಈ ಊರೇ. ಚಿತ್ರೀಕರಣ ನಡೆದ ದೊಡ್ಡಮನೆಯನ್ನು ನೋಡಲು ಇಂದಿಗೂ ಜನ ಬರುತ್ತಾರೆ. ಕಾಳಿಂಗ ಸರ್ಪದ ಅಧ್ಯಯನಕ್ಕೆಂದು ರೋಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರವೂ ಇಲ್ಲಿಯೇ ಇದೆ. ಆರಿದ್ರೆಯಲ್ಲಿ ಬಂದವರ ಕಣ್ಣಿಗೆ ಈ ಹೆಗ್ಗುರುತುಗಳು ಬೀಳುವುದು ಕಡಿಮೆ. ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನಿಂತರೆ ಮುಂದೆ ಬರೀ ಬಿಳಿ ಗೋಡೆ. ಕಾಲಿಗೆ ಇಂಬಳ ಹತ್ತಿದ್ದು ತಿಳಿಯುವುದು ರಕ್ತ ಕಂಡ ಮೇಲೆ. ಬಚ್ಚಲೊಲೆಯ ಮುಂದೆ ಹರವಿದ ಬಟ್ಟೆ ಎರಡು ದಿನಕ್ಕೂ ಒಣಗದೆ ಹೊಗೆಯ ವಾಸನೆ ಹಿಡಿಯುತ್ತದೆ. ಹಲಸಿನ ಹಪ್ಪಳ, ಕಳಲೆ ಪಲ್ಯ, ಪತ್ರೊಡೆ ಇವೆಲ್ಲ ಈ ಮಳೆಗೆ ಹೇಳಿಮಾಡಿಸಿದ ತಿನಿಸುಗಳೆಂಬುದು ನಾಲಿಗೆಗೆ ಗೊತ್ತಾಗುವುದು ಆಗಲೇ.

ಅಡಿಕೆ ಬೆಳೆಯುವವರಿಗೆ ಇದು ಆತಂಕದ ಕಾಲವೂ ಹೌದು. ಬಿಡುವಿಲ್ಲದೆ ಸುರಿಯುವ ಮಳೆಯಲ್ಲಿ ಕೊಳೆರೋಗ ತಗಲಿ ಎಳೆ ಅಡಿಕೆ ಉದುರುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲೇ ಈ ರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮಳೆ ತುಸು ಬಿಡುವು ಕೊಟ್ಟ ಗಳಿಗೆಯಲ್ಲಿ ಮರವೇರಿ ಔಷಧಿ ಹೊಡೆಯುವ ನುರಿತ ಕೈಗಳು ಇಂದಿಗೂ ಊರಿಂದೂರಿಗೆ ಓಡಾಡುತ್ತಿರುತ್ತವೆ. ಪ್ರವಾಸಿ ಮಳೆ ನೋಡಲು ಬಂದಿರುತ್ತಾನೆ. ಊರಿನವರು ಹೊಳವಾಗುವುದನ್ನು ಕಾಯುತ್ತಿರುತ್ತಾರೆ.

ಆಗುಂಬೆ ಒಂದು ನೀರ ಗಡಿಯೂ ಹೌದು. ಘಟ್ಟದ ಪಡುವಣ ಮೈಗೆ ಬಿದ್ದ ಹನಿ ಸೀತಾ ನದಿ ಸೇರಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಮೂಡಣಕ್ಕೆ ಬಿದ್ದದ್ದು ಮಾಲತಿ ಹೊಳೆಯಾಗಿ ತುಂಗೆ ಸೇರಿ, ಕೂಡಲಿಯಲ್ಲಿ ಭದ್ರೆಯೊಡನೆ ಕೂಡಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಈ ಎರಡನೆಯ ದಾರಿಯ ಹನಿ ಚಳಿಗಾಲದಲ್ಲಿ ಮತ್ತೆ ಎದುರಾಗಲಿದೆ.

ಮಖೆ

ಆಗಸ್ಟ್ ನಡುವಿನ ಮಖೆ ಮಳೆಯ ಹೊತ್ತಿಗೆ ಜೋಗ. ತೀರ್ಥಹಳ್ಳಿ ಬಳಿಯ ಅಂಬುತೀರ್ಥದಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಶರಾವತಿ ಇಲ್ಲಿ 253 ಮೀಟರ್ ಧುಮುಕುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳ ಹೆಸರು ಶಾಲೆಯ ಪಾಠದಿಂದಲೇ ಎಲ್ಲರಿಗೂ ಪರಿಚಿತ. ನಾಲ್ಕನ್ನೂ ಒಟ್ಟಿಗೆ ಕಾಣುವುದು ಮಾತ್ರ ನೋಡುವವರ ಕೈಯಲ್ಲಿಲ್ಲ.

ಅದಕ್ಕೆ ಎರಡು ಅಡ್ಡಿ. ಮೊದಲನೆಯದು ಮಂಜು. ಕಣಿವೆ ತುಂಬ ಹಾಲು ಹೊಯ್ದಂತೆ ಕವಿದಿರುವಾಗ ಜಲಪಾತ ಬರೀ ಸದ್ದು. ಕಂಬಿಯ ಬಳಿ ಕೊಡೆ ಹಿಡಿದು ನೂರಾರು ಜನ ಕಾಣದ್ದರ ಕಡೆಗೆ ಮುಖ ಮಾಡಿ ನಿಂತಿರುತ್ತಾರೆ. ಜೋಳದ ತೆನೆ ಸುಡುವವರು ಮಾತ್ರ ಅವಸರವಿಲ್ಲದೆ ಕೆಂಡ ಊದುತ್ತಾರೆ. ಗಾಳಿ ಒಮ್ಮೆ ತೆರೆ ಸರಿಸಿದರೆ ರಾಜನ ನೇರ ಇಳಿತ, ರಾಣಿಯ ಬಳುಕು ಅರೆ ನಿಮಿಷ ಕಂಡು ಮತ್ತೆ ಮುಚ್ಚಿಕೊಳ್ಳುತ್ತವೆ. ಮೂರು ತಾಸು ಕಾದು ಅರೆ ನಿಮಿಷ ಕಂಡದ್ದನ್ನು ಮನಸ್ಸು ವರ್ಷವಿಡೀ ಇಟ್ಟುಕೊಳ್ಳುತ್ತದೆ.

ಎರಡನೆಯ ಅಡ್ಡಿ ಮನುಷ್ಯರು ಕಟ್ಟಿದ್ದು. ಜೋಗದ ಮೇಲ್ಭಾಗದಲ್ಲಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ನೀರು ಅದರ ಹತ್ತಿರಕ್ಕೆ ಬಂದು ಕ್ರೆಸ್ಟ್ ಗೇಟು ತೆರೆದರೆ ಮಾತ್ರ ಜೋಗ ಹಳೆಯ ಜೋಗವಾಗುತ್ತದೆ. ಉಳಿದಂತೆ ಈ ನೀರು ಬೆಳಕಾಗುತ್ತದೆ: ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅದಕ್ಕೂ ಮೊದಲು 1948ರಲ್ಲಿ ಶುರುವಾದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕಾಗಿ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದರ ಕಲ್ಲುಗೋಡೆ ಇಂದಿಗೂ ಮೇಲೆದ್ದು ಕಾಣುತ್ತದೆ. ಊರು, ಗದ್ದೆಗಳೂ ಮುಳುಗಿದವು. ಅಲ್ಲಿಂದ ಎಬ್ಬಿಸಿ ಕಾಡಂಚಿಗೆ ಕಳಿಸಿದ ಕುಟುಂಬಗಳ ಎಷ್ಟೋ ಮಂದಿಗೆ ಭೂಮಿಯ ಹಕ್ಕುಪತ್ರದ ಹೋರಾಟ ಮುಗಿದಿಲ್ಲ. ಮಂಜಿನ ತೆರೆ ಸರಿದಾಗ ಕಾಣುವ ಅರೆ ನಿಮಿಷದ ಚೆಲುವಿನ ಹಿಂದೆ ಇಷ್ಟು ಲೆಕ್ಕ ಬಾಕಿಯಿದೆ.

ಚಿತ್ತೆ

ಅಕ್ಟೋಬರ್ 17ರ ಆಸುಪಾಸಿನಲ್ಲಿ ಸೂರ್ಯ ತುಲಾ ರಾಶಿಗೆ ಕಾಲಿಡುತ್ತಾನೆ. ಆಗ ನಡೆಯುವುದು ಚಿತ್ತೆ ಮಳೆ. ಕೊಡಗಿನ ತಲಕಾವೇರಿಯಲ್ಲಿ ಆ ಗಳಿಗೆಗೆ ತೀರ್ಥೋದ್ಭವ. ಸಂಕ್ರಮಣ ಹಗಲಿನಲ್ಲೂ ಬರಬಹುದು, ನಡುರಾತ್ರಿಯಲ್ಲೂ ಬರಬಹುದು; ಪಂಚಾಂಗ ಹೇಳಿದ ನಿಮಿಷಕ್ಕೆ ಬ್ರಹ್ಮಗಿರಿಯ ತಪ್ಪಲಿನಲ್ಲಿ ಸಾವಿರಾರು ಕಣ್ಣುಗಳು ಒಂದು ಪುಟ್ಟ ಕುಂಡಿಕೆಯ ಮೇಲೆ ನಟ್ಟಿರುತ್ತವೆ. ನೀರು ಉಕ್ಕಿತು ಎಂಬ ಕೂಗು ಎದ್ದೊಡನೆ ಅರ್ಚಕರು ತೀರ್ಥ ಎರಚುತ್ತಾರೆ, ಕೊಡ, ಬಿಂದಿಗೆ, ಬಾಟಲಿಗಳು ಒಮ್ಮೆಗೇ ಮುಂದೆ ಚಾಚುತ್ತವೆ. ಕೊಡವರ ಮನೆಗಳಲ್ಲಿ ಇದು ಕಾವೇರಿ ಚಂಗ್ರಾಂದಿ: ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ಪಟ್ಟೆ ಉಡಿಸಿ, ಒಡವೆ ತೊಡಿಸಿ, ಅದನ್ನೇ ಕಾವೇರಿಯೆಂದು ಕಣಿಪೂಜೆ ಮಾಡುತ್ತಾರೆ. ನದಿ ಆ ದಿನ ಮನೆಮಗಳು.

ಎಂಟು ಕಿಲೋಮೀಟರ್ ಕೆಳಗಿನ ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಸೇರುತ್ತದೆ. ಮೂರನೆಯದಾದ ಸುಜ್ಯೋತಿ ಕಣ್ಣಿಗೆ ಕಾಣದ ಗುಪ್ತಗಾಮಿನಿ. ಇಷ್ಟು ಮಮತೆಯ ನೀರು ಮುನಿಯುವುದೂ ಉಂಟು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಸಾಲಾಗಿ ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿ ಅರ್ಚಕರ ಕುಟುಂಬವನ್ನೇ ಕೊಂಡೊಯ್ದಿತು. ಕುಂಡಿಕೆಯ ಮುಂದೆ ಕೈಮುಗಿದು ನಿಂತವರಿಗೆ ಬೆಟ್ಟದ ಆ ಗಾಯವೂ ನೆನಪಿರುತ್ತದೆ.

ಮಳೆ ನಿಂತ ಮೇಲೆ

ವಿಶಾಖೆಯೊಂದಿಗೆ ಮಳೆನಕ್ಷತ್ರಗಳ ಸಾಲು ಮುಗಿಯುತ್ತದೆ. ಅಲ್ಲಿಂದಾಚೆಗಿನ ಪ್ರಯಾಣಗಳು ಬಿದ್ದ ಮಳೆಯ ಬೆನ್ನು ಹಿಡಿದವು. ಕಾರ್ತಿಕದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಅಲ್ಲಿಯವರು ಊರು ಬಿಡುವ ಅಗತ್ಯವಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಹಾಗೂ ನೆರೆಯ ಆಂಧ್ರ, ತಮಿಳುನಾಡುಗಳ ಕಾಯಿ ದೊಡ್ಡ ಬಸವಣ್ಣನ ಗುಡಿಯ ಬೀದಿಗಳಲ್ಲಿ ರಾಶಿ ಬಿದ್ದಿರುತ್ತದೆ. ಹೆಚ್ಚಿನದು ಮಳೆಯಾಶ್ರಿತ ಹೊಲದ ಬೆಳೆ. ಆ ವರ್ಷ ಬಯಲುಸೀಮೆಗೆ ಮಳೆ ಹೇಗಿತ್ತು ಎಂಬುದನ್ನು ರಾಶಿಯ ಗಾತ್ರ, ಕಾಯಿಯ ತೂಕ, ಸೇರಿನ ಬೆಲೆ ನೋಡಿಯೇ ತಿಳಿಯಬಹುದು.

ಪುಷ್ಯದ ಚಳಿಯಲ್ಲಿ ಹಂಪಿ. ಆಗುಂಬೆಯ ಮೂಡಣ ಮೈಗೆ ಬಿದ್ದ ಹನಿ ಇಲ್ಲಿ ತುಂಗಭದ್ರೆಯಾಗಿ ಬಂಡೆಗಳ ನಡುವೆ ನಿಧಾನವಾಗಿ ಸಾಗುತ್ತದೆ. ಹರಿಗೋಲಿನಲ್ಲಿ ಕುಳಿತವರ ಕೈಗೆಟಕುವ ಆ ನೀರಿಗೂ ಜೂನಿನ ಆ ಬಿಳಿ ಗೋಡೆಗೂ ನಂಟಿದೆಯೆಂಬುದು ಎರಡನ್ನೂ ಒಂದೇ ವರ್ಷದಲ್ಲಿ ಕಂಡವರಿಗಷ್ಟೇ ಹೊಳೆಯುತ್ತದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ ಜನ ಕಲ್ಲಿನ ರಥವನ್ನು, ವಿರೂಪಾಕ್ಷನ ಗುಡಿಯ ಕತ್ತಲೆ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಗೋಪುರದ ನೆರಳನ್ನು ನೋಡಿ ಬೆರಗಾಗುತ್ತಾರೆ. ಮಳೆ ಕಡಿಮೆಯಿರುವ ಸೀಮೆಯಲ್ಲಿ ಇಷ್ಟು ದೊಡ್ಡ ರಾಜಧಾನಿ ಬಾಳಿದ್ದೇ ಅದಕ್ಕಿಂತ ದೊಡ್ಡ ಬೆರಗು. ದೂರದ ಘಟ್ಟದ ಮಳೆಯನ್ನು ನದಿಯಿಂದ ತಿರುಗಿಸಿ ಕಾಲುವೆಗೆ ಹರಿಸಿದ್ದೇ ವಿಜಯನಗರದ ಗುಟ್ಟು. ಕಲ್ಲಿನ ತೊಟ್ಟಿಗಳು, ಸಾಲುಗಂಬಗಳ ಮೇಲಿನ ನೀರ್ದೋಣಿಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪುಷ್ಕರಣಿ ಇವೆಲ್ಲ ಇಂದು ನೋಡುವ ವಸ್ತುಗಳು. ತುರ್ತು ಕಾಲುವೆ ಮಾತ್ರ ಇನ್ನೂ ದುಡಿಯುತ್ತಿದೆ. 1565ರಲ್ಲಿ ಸಾಮ್ರಾಜ್ಯ ಕುಸಿದರೂ ಅದರ ನೀರು ಬತ್ತಲಿಲ್ಲ. ಪಾಳುಬಿದ್ದ ಮಂಟಪಗಳ ಪಕ್ಕದಲ್ಲೇ ಬಾಳೆತೋಟ ಹಸಿರಾಗಿದೆ.

ಹಳೆಯ ಕಾಲುವೆಗಳ ಜೊತೆಗೆ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ಈಗ ಈ ಸೀಮೆಯ ಜೀವ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ತುಂಬಿದ್ದ ನೀರು ದಿನಗಟ್ಟಲೆ ನದಿಗೆ ಹರಿಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದೊಳಗೆ ಅದನ್ನು ತಡೆದದ್ದು ತಂತ್ರಜ್ಞರ ಸಾಹಸ. ಬಿದ್ದ ಮಳೆಯನ್ನು ಹಿಡಿದಿಡುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಒಂದು ಸರಪಳಿ ಸಾಕ್ಷಿಯಾಯಿತು.

ತವರಿನ ಹಕ್ಕಿಗಳು

ವರ್ಷದ ಕಡೆಯ ಪ್ರಯಾಣ ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್ ದೂರದ ಕೊಕ್ಕರೆಬೆಳ್ಳೂರಿಗೆ. ಮದ್ದೂರು ತಾಲ್ಲೂಕಿನ ಈ ಹಳ್ಳಿಯಲ್ಲಿ ಹುಣಸೆ, ಅರಳಿ, ಆಲದ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ, ಅದೂ ಮನೆಗಳ ಮಾಡಿಗೆ ತಾಗಿದಂತೆ. ಊರವರ ಮಾತಿನಲ್ಲಿ ಇವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಬಾಣಂತನಕ್ಕೆ ಬಂದವರಿಗೆ ತೊಂದರೆ ಕೊಡಬಾರದು ಎಂಬ ಕಟ್ಟಳೆ ಯಾವ ಕಾಯ್ದೆಗಿಂತಲೂ ಮೊದಲಿನದು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ 1976ರಲ್ಲಿ ಇದನ್ನು ಹೊರಜಗತ್ತಿನ ಗಮನಕ್ಕೆ ತಂದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಿಬಿಡುವ ಕೆಲಸವನ್ನು ಹೆಜ್ಜಾರ್ಲೆ ಬಳಗದ ಸ್ಥಳೀಯರು ಮಾಡಿಕೊಂಡು ಬಂದಿದ್ದಾರೆ. ಮರದಡಿ ಗುಂಡಿ ತೋಡಿ ಹಿಕ್ಕೆ ಸಂಗ್ರಹಿಸಿದರೆ ಹೊಲಕ್ಕೆ ಗೊಬ್ಬರ. ಹಕ್ಕಿಗಳಿಗಾಗಿ ಹುಣಸೆ ಫಸಲು ಬಿಟ್ಟುಕೊಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ.

ಹಕ್ಕಿಗಳು ಈ ಊರನ್ನು ಆರಿಸಿಕೊಂಡದ್ದು ಪ್ರೀತಿಯಿಂದಷ್ಟೇ ಅಲ್ಲ, ಮೀನಿಗಾಗಿಯೂ. ಪಕ್ಕದಲ್ಲಿ ಶಿಂಷಾ ಹೊಳೆ ಇದೆ. ಮಂಡ್ಯ, ಮದ್ದೂರು ಸೀಮೆಯ ಕೆರೆಗದ್ದೆಗಳಿಗೆ ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಯ ನೀರಿದೆ. ಚಿತ್ತೆಯಲ್ಲಿ ಕುಂಡಿಕೆಯಿಂದ ಉಕ್ಕಿದ್ದನ್ನು ಕಂಡ ಅದೇ ಕಾವೇರಿ ಫಾಲ್ಗುಣದಲ್ಲಿ ಹೆಜ್ಜಾರ್ಲೆಯ ಗಂಟಲ ಚೀಲದಲ್ಲಿ ಮೀನಾಗಿ ಮರಿಯ ಬಾಯಿಗೆ ಬೀಳುತ್ತದೆ. ಮಳೆ ತಪ್ಪಿ ಕೆರೆ ಬತ್ತಿದ ವರ್ಷ ತವರಿಗೆ ಬರುವವರ ಸಂಖ್ಯೆಯೂ ಕಡಿಮೆ.

ಇಷ್ಟು ಸುತ್ತಿದರೂ ನೋಡದೆ ಉಳಿದದ್ದೇ ಹೆಚ್ಚು. ಬಾದಾಮಿಯ ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳು, ಕರಾವಳಿಯ ಕಂಬಳ, ಮೇಲುಕೋಟೆಯ ವೈರಮುಡಿ ಹೀಗೆ ಪಟ್ಟಿ ಬೆಳೆಯುತ್ತದೆ. ಕೆಲವಕ್ಕೆ ಒಂದು ವರ್ಷ ಸಾಲದು: ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ. 2018ರಲ್ಲಿ ಆದದ್ದು ಮತ್ತೆ ಬರುವುದು 2030ಕ್ಕೆ. ಮಳೆ ಮಾತ್ರ ಪ್ರತಿ ವರ್ಷದ ಯಾತ್ರೆ.

ಕೊಕ್ಕರೆಬೆಳ್ಳೂರಿನಿಂದ ಬೆಂಗಳೂರಿಗೆ ಮರಳುವ ಪ್ರವಾಸಿಗೆ ನೀರು ಮನೆಯವರೆಗೂ ಜೊತೆ ಬರುತ್ತದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ಪಡೆದ ಊರು 1974ರಿಂದ ಕಾವೇರಿಯತ್ತ ತಿರುಗಿತು. ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೆತ್ತಿ, ನೂರು ಕಿಲೋಮೀಟರ್ ದೂರ ಕೊಳವೆಯಲ್ಲಿ ಆ ನೀರನ್ನು ತರುತ್ತಾರೆ. ಯುಗಾದಿಯ ಬೆಳಗಿನ ಎಣ್ಣೆಸ್ನಾನಕ್ಕೆ ನಲ್ಲಿಯಲ್ಲಿ ಬರುವುದು ಹೋದ ವರ್ಷದ ಮಳೆ.